ನಾಲ್ಕು ಸೆಕೆಂಡ್ ರಾಯರು

ಬೆಂಗಳೂರಿನ ಯಾವ ಬಡಾವಣೆಯ ಟರ್ಫಿಗೆ ಬೇಕಾದರೂ ರಾತ್ರಿ ಒಂಬತ್ತರ ಮೇಲೆ ಹೋಗಿ ನೋಡಿ. ಪ್ಲಾಸ್ಟಿಕ್ ಹುಲ್ಲು, ಸುತ್ತ ಬಲೆ, ಕಣ್ಣು ಕುಕ್ಕುವ ದೀಪ, ಒಳಗೆ ಆಫೀಸು ಮುಗಿಸಿ ಬಂದ ಹತ್ತು ಹೊಟ್ಟೆಗಳು. ಒಂಬತ್ತು ಹೊಟ್ಟೆಗಳು ಚೆಂಡಿನ ಹಿಂದೆ ಓಡುತ್ತಿರುತ್ತವೆ. ಹತ್ತನೆಯದು ಗೋಲಿನ ಮುಂದೆ ನಿಂತು ತೋರುಬೆರಳು ಎತ್ತಿರುತ್ತದೆ. ಅವರೇ ರಾಯರು.

ಉಳಿದವರಿಗೆ ಫುಟ್ಸಾಲ್ ಒಂದು ಆಟ. ರಾಯರಿಗೆ ಅದು ಸಂವಿಧಾನ. "ಐದೈದು ಜನ ಒದ್ದಾಡಿದ್ದೆಲ್ಲ ಫುಟ್ಸಾಲ್ ಆಗಲ್ಲ ಕಣ್ರೀ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ, ಹುವಾನ್ ಕಾರ್ಲೋಸ್ ಸೆರಿಯಾನಿ ಅನ್ನೋ ಮೇಷ್ಟ್ರು..." ಎಂದು ಬೂಟಿನ ಲೇಸು ಕಟ್ಟುತ್ತಲೇ ಪೀಠಿಕೆ. ಲೇಸು ಬಿಗಿಯಾಗುವ ಹೊತ್ತಿಗೆ ಕಾವಲಿಲ್ಲದ ಗೋಲಿಗೆ ಎರಡು ಬಿದ್ದಿರುತ್ತವೆ. ಅವು ಲೆಕ್ಕಕ್ಕಿಲ್ಲ, ಚೆಂಡಿನ ಪರೀಕ್ಷೆಯೇ ಆಗಿಲ್ಲವಲ್ಲ! ಎರಡು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ಮೊದಲ ಪುಟಿತಕ್ಕೆ 50ರಿಂದ 65 ಸೆಂಟಿಮೀಟರ್ ಮಾತ್ರ ಏಳಬೇಕು. ರಾಯರು ತುದಿಗಾಲಲ್ಲಿ ನಿಂತು, ಕೈ ಮೇಲೆತ್ತಿ, ಚೆಂಡು ಬಿಡುತ್ತಾರೆ. ಅದು ಸೊಂಟದವರೆಗೆ ನೆಗೆಯುತ್ತದೆ. "ನೋಡಿದ್ರಾ? ಇದು ಐದನೇ ಸೈಜು. ನಮಗೆ ಬೇಕಾದ್ದು ನಾಲ್ಕು." ಬೇರೆ ಚೆಂಡಿದೆಯೇ? ಇಲ್ಲ. ಆಟ ಮುಂದುವರಿಯುತ್ತದೆ, ರಾಯರ ಆಕ್ಷೇಪಣೆ ದಾಖಲಾದ ಮೇಲೆ.

ಚೆಂಡು ಪಕ್ಕದ ಗೆರೆ ದಾಟಿದರೆ ಕೈಯಲ್ಲಿ ಎಸೆಯುವಂತಿಲ್ಲ, ಗೆರೆಯ ಮೇಲಿಟ್ಟು ಒದೆಯಬೇಕು, ಅದೂ ನಾಲ್ಕು ಸೆಕೆಂಡಿನೊಳಗೆ. ತಪ್ಪಿದರೆ ಎದುರಾಳಿಗೆ. ಇಲ್ಲಿ ರಾಯರ ಗಂಟಲು ತೆರೆದುಕೊಳ್ಳುತ್ತದೆ. ಎದುರಾಳಿ ಬಗ್ಗಿ ಚೆಂಡಿಡುವಷ್ಟರಲ್ಲೇ "ಒಂದೆರಡ್ಮೂರ್ನಾಲ್ಕು!" ಎಂದು ಒಂದೇ ಉಸಿರಿಗೆ ಮುಗಿಸುತ್ತಾರೆ. ತಮ್ಮ ಕೈಗೆ ಚೆಂಡು ಬಂದಾಗ ಗೋಲಿಗೂ ಅದೇ ನಾಲ್ಕು ಸೆಕೆಂಡು. ಆದರೆ ಆಗ ಒಂದಕ್ಕೂ ಎರಡಕ್ಕೂ ನಡುವೆ ಕನ್ನಡಕ ಒರೆಸಿಕೊಳ್ಳುವಷ್ಟು ಪುರುಸೊತ್ತು.

ಹೀಗೊಮ್ಮೆ ಗೆಳೆಯನೊಬ್ಬ ಒತ್ತಡಕ್ಕೆ ಸಿಕ್ಕಿ ಚೆಂಡನ್ನು ಹಿಂದಕ್ಕೆ, ರಾಯರ ಕಾಲಿಗೇ ತಳ್ಳಿದ. ರಾಯರು ಹಾವು ಕಂಡವರ ಹಾಗೆ ಪಕ್ಕಕ್ಕೆ ಹಾರಿದರು. ಚೆಂಡು ನೆಟ್ಟಗೆ ಬಲೆಯೊಳಕ್ಕೆ. "ಈಗ ತಾನೇ ನಾನು ಕೊಟ್ಟ ಚೆಂಡು ಅದು. ಎದುರಾಳಿ ಮುಟ್ಟದೇ ನಮ್ಮ ಅರ್ಧದಲ್ಲಿ ಮತ್ತೆ ನಾನು ಮುಟ್ಟೋ ಹಾಗಿಲ್ಲ" ಎಂದರು, ಗೋಲು ತಿಂದರೂ ಧರ್ಮ ಉಳಿಯಿತೆಂಬ ತೃಪ್ತಿಯಲ್ಲಿ.

ರಾಯರಿಗೆ ಅತ್ಯಂತ ಪ್ರಿಯವಾದ ನಿಯಮ ಆಟಗಾರರ ಬದಲಾವಣೆಯದು. ಆಟ ನಿಲ್ಲಿಸಬೇಕಿಲ್ಲ, ಎಷ್ಟು ಸಲ ಎಂಬ ಮಿತಿಯಿಲ್ಲ. ಒಬ್ಬ ಹೊರಬಂದ ಮೇಲೆ ಇನ್ನೊಬ್ಬ ಒಳಗೆ, ಅಷ್ಟೇ. ಯಾರೋ ಕಷ್ಟಪಟ್ಟು ರಾಯರನ್ನು ಗೋಲಿನಿಂದ ಮುಂದಕ್ಕೆ ತಂದು ಓಡಿಸಿದರೆ, ಎರಡು ನಿಮಿಷಕ್ಕೆ ಅವರು ಗೆರೆಯಾಚೆ ಬೆಂಚಿನ ಮೇಲೆ, ಕೈಯಲ್ಲಿ ಎಳನೀರು. ಬದಲಿ ಆಟಗಾರನೇ ಇಲ್ಲ ಎಂದರೆ, "ಮೂರು ಜನ ಉಳಿದಿರೋವರೆಗೂ ಆಟ ನಡೆಸಬಹುದು" ಎಂಬ ಕಲಮು ಬರುತ್ತದೆ.

ಫೌಲುಗಳ ಲೆಕ್ಕ ಅವರ ಬೆರಳ ತುದಿಯಲ್ಲಿ. ಒಂದು ಅರ್ಧದಲ್ಲಿ ತಂಡ ಆರನೇ ಸಲ ತಪ್ಪಿದರೆ ಎದುರಾಳಿಗೆ ನೇರ ಒದೆತ. ಅಡ್ಡ ಗೋಡೆ ಕಟ್ಟುವಂತಿಲ್ಲ. ಹತ್ತು ಮೀಟರ್ ಗುರುತು ನಮ್ಮ ಟರ್ಫಿನಲ್ಲಿಲ್ಲ, ರಾಯರೇ ಹೆಜ್ಜೆ ಹಾಕಿ ಅಳೆಯುತ್ತಾರೆ. ತಮ್ಮವರು ಒದೆಯುವುದಾದರೆ ಮದುಮಗಳ ನಡಿಗೆ, ಎದುರಾಳಿಯದಾದರೆ ವಾಮನನ ಪಾದ.

ಗಂಟೆ ಮುಗಿದು ಟರ್ಫಿನ ಹುಡುಗ ಸೀಟಿ ಊದಿದಾಗ ನಿಜವಾದ ವಾದ. "ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅರ್ಧ. ಚೆಂಡು ಹೊರಗೆ ಹೋದಾಗೆಲ್ಲ ಗಡಿಯಾರ ನಿಲ್ಲಬೇಕು. ಆ ಲೆಕ್ಕದಲ್ಲಿ ನಾನು ಆಡಿದ್ದು ಒಟ್ಟು ಏಳು ನಿಮಿಷ. ನನ್ನ ಪಾಲಿನ ಬಾಡಿಗೆ ಅಷ್ಟಕ್ಕೇ ತಗೊಳ್ಳಿ."

ಫೋನಿನಲ್ಲಿ ದುಡ್ಡು ಕೂಡುತ್ತಿದ್ದ ಗೆಳೆಯ ತಲೆಯೆತ್ತಲೇ ಇಲ್ಲ. "ಈ ತಿಂಗಳು ಇದು ಆರನೇ ಸಲ ರಾಯರೇ. ಇನ್ನು ನಿಮಗೆ ಗೋಡೆ ಇಲ್ಲ. ಪೂರ್ತಿ ಕಳಿಸಿ, ನಾಲ್ಕು ಸೆಕೆಂಡಿನೊಳಗೆ."