ಭಾಗಿಸುವುದಷ್ಟೇ ನನ್ನ ಡ್ಯೂಟಿ

ಮ್ಯೂನಿಕ್ ಹತ್ತಿರದ ಡೋಪ್ಫರ್ ಕಂಪನಿಯ ಎ-163 ಎಂದರೆ ಮಾಡ್ಯುಲರ್ ಸಿಂಥಸೈಜರಿನ ಒಂದು ಸಣ್ಣ ಪಟ್ಟಿ. ಒಳಬಂದ ಸ್ವರದ ಫ್ರೀಕ್ವೆನ್ಸಿಯನ್ನು 1ರಿಂದ 32ರವರೆಗಿನ ಯಾವುದಾದರೊಂದು ಪೂರ್ಣಾಂಕದಿಂದ ಭಾಗಿಸಿ ಹೊರಬಿಡುತ್ತದೆ. ಎಷ್ಟರಿಂದ ಎಂಬುದನ್ನು ಗುಂಡಿ, ಇಲ್ಲವೇ ಹೊರಗಿನ ವೋಲ್ಟೇಜ್ ತೀರ್ಮಾನಿಸುತ್ತದೆ. ಇಂಥ ಪಟ್ಟಿಗಳನ್ನು, ಅಂದರೆ ಮಾಡ್ಯೂಲುಗಳನ್ನು, ಜೋಡಿಸಿಟ್ಟ ರ‍್ಯಾಕಿನಲ್ಲೇ ಮಾತಿಗೆ ಸಿಕ್ಕಿತು.

ನೀವು ಸ್ವಂತವಾಗಿ ಯಾವ ಸ್ವರವನ್ನೂ ಹುಟ್ಟಿಸುವುದಿಲ್ಲವಂತೆ?

ಹುಟ್ಟಿಸುವುದು ಆಸಿಲೇಟರ್ ಇಲಾಖೆ. ಅಲ್ಲಿಂದ ಬಂದ ಅಲೆ ಎಷ್ಟು ಸಲ ಏರಿತು ಎಂದು ಎಣಿಸುತ್ತೇನೆ, ಲೆಕ್ಕ ತುಂಬಿದಾಗ ಒಂದು ಅಲೆ ಮಂಜೂರು ಮಾಡುತ್ತೇನೆ. ಬಂದದ್ದು ಸೈನ್ ಆಗಿರಲಿ, ಗರಗಸದ ಹಲ್ಲಾಗಿರಲಿ, ಹೊರಗೆ ಹೋಗುವುದು ಚೌಕವೇ. ಅರ್ಜಿದಾರರ ಮುಖ ನಾನು ನೋಡುವುದಿಲ್ಲ.

ಎರಡೂವರೆಯಿಂದ ಭಾಗಿಸಿ ಎಂದರೆ?

ನಿಯಮದಲ್ಲಿ ಇಲ್ಲ.

ಆದರೆ ವೋಲ್ಟೇಜ್ ನುಣ್ಣಗೆ ಜಾರುತ್ತಾ ಬರುತ್ತದಲ್ಲ?

ಅದು ಜಾರಲಿ, ನಾನು ಮೆಟ್ಟಿಲಿಳಿಯುತ್ತೇನೆ. ಮೆಟ್ಟಿಲುಗಳೂ ಸಮವಲ್ಲ. ಒಂದರಿಂದ ಎರಡಕ್ಕೆ ಬಂದರೆ ಇಡೀ ಒಂದು ಸ್ಥಾಯಿ ಕೆಳಗೆ. ಎರಡರಿಂದ ಮೂರಕ್ಕೆ ಸ-ಪ ನಡುವಿನಷ್ಟು ಅಂತರ. 31ರಿಂದ 32ಕ್ಕೆ ಬರುವ ಹೊತ್ತಿಗೆ ಸುಮಾರು ಅರ್ಧ ಸ್ವರಸ್ಥಾನ. ಜನ ಇದನ್ನು ಸೃಜನಶೀಲತೆ ಎನ್ನುತ್ತಾರೆ. ನನಗೆ ಬರೀ ಭಾಗಾಕಾರ.

ಯಾವಾಗಲೂ ಕೆಳಕ್ಕೇ. ಬೇಸರವಿಲ್ಲವೇ?

440 ಹರ್ಟ್ಸ್ ಕೊಡಿ. ನಾಲ್ಕು, ಐದು, ಆರರಿಂದ ಭಾಗಿಸಿದರೆ 110, 88, 73.3. ಮೂರನ್ನೂ ಒಟ್ಟಿಗೆ ನುಡಿಸಿದರೆ ಡಿ ಮೈನರ್. ಕರುಣರಸ ನಮ್ಮ ಗಣಿತದಲ್ಲೇ ಇದೆ. ಬೇಸರ ಕೇಳುವವರಿಗೆ.

ನಿಮ್ಮ ವಂಶದ ಬಗ್ಗೆ?

1930ರಲ್ಲಿ ಬರ್ಲಿನ್ನಿನಲ್ಲಿ ಫ್ರೀಡ್ರಿಖ್ ಟ್ರೌಟ್‌ವೈನ್ ಟ್ರೌಟೋನಿಯಂ ಕಟ್ಟಿದರು. ಓಸ್ಕರ್ ಸಾಲಾ ಅದನ್ನು ಬೆಳೆಸಿ ಮಿಕ್ಸ್‌ಟೂರ್-ಟ್ರೌಟೋನಿಯಂ ಮಾಡಿದಾಗ ನಮ್ಮ ಹಿರಿಯರಿಗೆ, ಅಂದರೆ ಭಾಗಿಸುವ ಸರ್ಕಿಟ್ಟುಗಳಿಗೆ, ಕೆಲಸ ಸಿಕ್ಕಿತು. ಹಿಚ್‌ಕಾಕ್‌ನ 1963ರ ‘ದಿ ಬರ್ಡ್ಸ್’ ಚಿತ್ರದ ಹಕ್ಕಿಗಳ ಚೀತ್ಕಾರ ಹೊರಟದ್ದು ಅದೇ ವಾದ್ಯದಿಂದ. ಹಕ್ಕಿಗಳಿಗೆ ಹೆಸರು ಬಂತು.

ಲಯದ ಕೆಲಸವೂ ನಿಮಗೇ ಅಂತೆ?

(ಮೌನ)

ಕೇಳಿಸಿತೇ?

(ಮೌನ)

ಸಿಟ್ಟು ಬಂತೇ?

ಇಲ್ಲ ಸ್ವಾಮಿ. ಯಾರೋ ಗುಂಡಿಯನ್ನು ಮೂರಕ್ಕೆ ತಿರುಗಿಸಿದರು. ಮೂರು ಏಟಿಗೆ ಒಂದು ಉತ್ತರ; ಅದೇ ಲಯ. ಸ್ವರ, ತಾಳ ಎಂಬ ಭೇದ ನಿಮ್ಮ ಕಿವಿಯದು. 440ನ್ನು 32ರಿಂದ ಭಾಗಿಸಿದರೆ 13.75. ಅಷ್ಟು ಕೆಳಗಿಳಿದರೆ ಸ್ವರ ಹೋಗಿ ಟಕಟಕ ಶುರುವಾಗುತ್ತದೆ.

(ಗುಂಡಿಯನ್ನು ಒಂದಕ್ಕೆ ತಂದೆವು. ಸಂದರ್ಶಕರಿಗೆ ಸಂಬಳ ಪುಟಕ್ಕಿಷ್ಟು; ಮೂರು ಪ್ರಶ್ನೆಗೆ ಒಂದೇ ಉತ್ತರವಾದರೆ ಪುಟ ತುಂಬದು.)

ಹಾಡುಗಾರರ ದನಿ ಕೊಟ್ಟರೆ?

ಬೇಡ. ಒಂದೇ ಸುತ್ತಿನಲ್ಲಿ ಹಲವು ಸಲ ಅಲುಗಾಡುವ ಅಲೆ ಅದು. ಎಷ್ಟು ಎಣಿಸಿದೆ ಎಂದು ನನಗೇ ತಿಳಿಯುವುದಿಲ್ಲ, ಗೊರಗೊರ ಎನ್ನುತ್ತೇನೆ. ಅದನ್ನೂ ಪ್ರಯೋಗಶೀಲ ಸಂಗೀತ ಎಂದು ಧ್ವನಿಮುದ್ರಿಸಿಕೊಳ್ಳುತ್ತಾರೆ.

ನಿಮ್ಮ ಯಜಮಾನರ ಆಲ್ಬಂ ಯಾವಾಗ?

ಈ ವಾರ ಹೊಸ ಫಿಲ್ಟರ್ ತರಿಸಿದ್ದಾರೆ. ಅದಕ್ಕೆ ರ‍್ಯಾಕಿನಲ್ಲಿ ಜಾಗ ಸಾಲದೆ ದೊಡ್ಡ ರ‍್ಯಾಕ್ ತರಿಸಿದರು. ದೊಡ್ಡ ರ‍್ಯಾಕಿನಲ್ಲಿ ಜಾಗ ಉಳಿಯಿತಲ್ಲ, ಅದನ್ನು ತುಂಬಲು ಇನ್ನಷ್ಟು ಮಾಡ್ಯೂಲುಗಳ ಹುಡುಕಾಟ ನಡೆದಿದೆ. ಆಲ್ಬಂ ಬರುತ್ತಿದೆ, 32ರಿಂದ ಭಾಗಿಸಿಕೊಂಡು.