ನೆಲ ಮುಟ್ಟಿದ ಕಾರು

ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಟರ್ಬೊ ಸೆಡಾನ್ ಅಗ್ಗಕ್ಕೆ ಸಿಕ್ಕಿತು. ದಾಂಡೇಲಿಗೆ ತಂದ ದಿನ ಓಣಿಗೆ ಓಣಿಯೇ ನೋಡಲು ಬಂತು. ಅಗ್ಗ ಯಾಕೆಂದು ಕೇಳಿದವರು ಅವ್ವ ಒಬ್ಬರೇ.

ಹಳಿಯಾಳ ರಸ್ತೆಯ ಮೊದಲನೇ ಹಂಪಿನಲ್ಲೇ ಅಡಿಯಿಂದ ‘ಖರ್ರ್’ ಅಂತು. ಮೆಕ್ಯಾನಿಕ್ ಗೋಣಿತಟ್ಟು ಹಾಸಿ ಕೆಳಗೆ ನುಸುಳಿದ. ಬರಿ ಕಾಲು ಮಾತಾಡಿದವು: “ಸಾಹೇಬ್ರ, ಚೇಂಬರ್ ಒಡದೈತಿ. ಎಣ್ಣಿ ಎಲ್ಲಾ ರೋಡಿಗೆ ಕುಡಿಸೀರಿ.”

ಎಣ್ಣೆ ಇಲ್ಲದೆ ಟರ್ಬೊ ಬದುಕದು. ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುವ ಜೀವ ಅದು. ನನ್ನ ತಲೆಯೂ ಅಷ್ಟೇ ವೇಗದಲ್ಲಿ ತಿರುಗಿದ್ದು ಎಸ್ಟಿಮೇಟ್ ನೋಡಿದಾಗ. ಮಾರಿದವರು ಗಾಡಿಯ ಬೆಲೆಯನ್ನಷ್ಟೇ ಇಳಿಸಿದ್ದರು, ಬಿಡಿಭಾಗದ್ದನ್ನಲ್ಲ!

ಆಮೇಲೆ ಗೇರ್‌ಬಾಕ್ಸಿನ ಸರದಿ. ಇದರಲ್ಲಿ ಕ್ಲಚ್ ಎರಡು: ಒಂದು ಬೆಸ ಸಂಖ್ಯೆಯ ಗೇರಿಗೆ, ಇನ್ನೊಂದು ಸಮ ಸಂಖ್ಯೆಯದಕ್ಕೆ. ಅಣ್ಣತಮ್ಮಂದಿರ ಆಸ್ತಿ ಪಾಲಾದಂತೆ. ಜೋಯಿಡಾ ಕಾಡಿನ ಏರಿನಲ್ಲಿ, ಧೋ ಮಳೆಯಲ್ಲಿ ತಮ್ಮ ಮುನಿಸಿಕೊಂಡ. 2, 4, 6 ಮೂರೂ ಮಾಯ. ಮೊದಲನೇ ಗೇರಿನಲ್ಲೇ ಅರಚುತ್ತ ಏರುತ್ತಿದ್ದರೆ ಹಿಂದಿನಿಂದ ಹಳೇ ಓಮ್ನಿಯೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಒಳಗೆ ಹನ್ನೊಂದು ಜನ, ಎರಡು ಕೋಳಿ. ಒಂದು ಕೋಳಿ ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ.

“ಎಷ್ಟಾಗ್ತದಪಾ?” ಅಂದೆ ಮೆಕ್ಯಾನಿಕ್‌ಗೆ.

“ಕುಂತ್ಕೊಳ್ರಿ, ಚಾ ತರಸ್ತೀನಿ,” ಅಂದ. ಚಾ ಕುಡಿಸಿ ಹೇಳುವ ಮೊತ್ತ ಎಂಥದ್ದೆಂದು ಗೊತ್ತಲ್ಲ?

ಮೊನ್ನೆ ಮುಂಡಗೋಡದ ಲಗ್ನಕ್ಕೆ ಕೆಂಪು ಬಸ್ಸಿನಲ್ಲೇ ಹೋದೆವು. ಕಾರಿನ ಕೀಲಿ ಮಾತ್ರ ಎಲ್ಲರಿಗೂ ಕಾಣುವಂತೆ ಬೆರಳಲ್ಲಿ ತಿರುಗಿಸುತ್ತಿದ್ದೆ.