ಬೋರಾಟನಿಗೇ ವೇಷ ಬೇಕಾಯಿತು

ಕಕ್ಕಸಿಗೆ ಹೋದ ಅತಿಥಿ ಕೈಯಲ್ಲೊಂದು ಚೀಲ ಹಿಡಿದು ಊಟದ ಮೇಜಿಗೆ ಮರಳುತ್ತಾನೆ. ಚೀಲದಲ್ಲಿ ಏನಿದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಮನೆಯೊಡತಿ ಸಿಡುಕುವುದಿಲ್ಲ, ಅವನನ್ನು ಕರೆದೊಯ್ದು ಕಕ್ಕಸು ಬಳಸುವ ಬಗೆಯನ್ನು ಕಲಿಸುತ್ತಾಳೆ. ಅಬ್ಬಾ, ಎಂಥ ಸಂಸ್ಕಾರ! ಆದರೆ ಅವನು ಕರೆಸಿಕೊಂಡ ಕಪ್ಪು ವೇಶ್ಯೆ ಬಾಗಿಲಲ್ಲಿ ಕಂಡದ್ದೇ ತಡ, ಔತಣ ಮುಗಿಯಿತು, ಪೊಲೀಸರಿಗೆ ಕರೆ ಹೋಯಿತು. ಚೀಲಕ್ಕೆ ಸಿಕ್ಕ ಮರ್ಯಾದೆ ಆ ಹೆಂಗಸಿಗೆ ಸಿಗಲಿಲ್ಲ.

2006ರ ‘ಬೋರಾಟ್’ ಚಿತ್ರ ಅಂದರೆ ಇದು. ನಟ ಸಾಶಾ ಬ್ಯಾರನ್ ಕೋಹೆನ್ ಕಜಕಿಸ್ತಾನದ ಪೆದ್ದು ಪತ್ರಕರ್ತ ಬೋರಾಟನ ವೇಷ ತೊಟ್ಟು, ಅದು ವೇಷವೆಂದು ತಿಳಿಯದ ನಿಜವಾದ ಜನರ ನಡುವೆ ಅಮೆರಿಕ ಸುತ್ತಿದ. ಪೆದ್ದನೆದುರು ಯಾರಿಗೆ ಏನು ಸಂಕೋಚ? ಒಳಗಿದ್ದದ್ದೆಲ್ಲ ಹೊರಬಂತು. ಗುಲಾಮರು ಈಗಲೂ ಇರಬೇಕಿತ್ತು ಎಂದು ಕುಡಿದು ಹಲುಬಿದ ಕಾಲೇಜು ಹುಡುಗರು, ಚಿತ್ರ ಬಂದ ಮೇಲೆ ಕೋರ್ಟಿಗೆ ಹೋದರು. ಮಾನ ಹೋಯಿತಂತೆ. ಹೋಗಲು ಮಾನವಾದರೂ ಇತ್ತಲ್ಲ!

14 ವರ್ಷ ಕಳೆದು ಎರಡನೆಯ ಭಾಗ ಬಂತು. ಬೀದಿಯಲ್ಲಿ ಜನ ಬೋರಾಟನನ್ನು ಗುರುತು ಹಿಡಿಯುತ್ತಾರೆ. ಪಾಪ, ವೇಷದ ಮೇಲೊಂದು ವೇಷ ತೊಡಬೇಕಾಯಿತು. ಅವನು ತೊಡುವ ಹೊತ್ತಿಗೆ ಊರಿನವರು ತಮ್ಮದನ್ನು ಕಳಚಿಟ್ಟಿದ್ದರು. ಯೆಹೂದಿ ದ್ವೇಷದ ಘೋಷಣೆಯನ್ನು ಕೇಕಿನ ಮೇಲೆ ಬರೆದುಕೊಡಿ ಅಂದರೆ, ಬೇಕರಿಯಾಕೆ ಹುಟ್ಟುಹಬ್ಬದ ಶುಭಾಶಯದಷ್ಟೇ ಅಚ್ಚುಕಟ್ಟಾಗಿ ಬರೆದುಕೊಟ್ಟಳು. ಅಮೆರಿಕದ ಒಲಿಂಪಿಯಾ ನಗರದ ಬಲಪಂಥೀಯರ ಸಭೆಯಲ್ಲಿ, ಆಗದವರಿಗೆಲ್ಲ ಕೊರೊನಾ ಚುಚ್ಚಿ ಎಂಬರ್ಥದ ಹಾಡು ಶುರು ಮಾಡಿದರೆ ಸಭಿಕರೇ ದನಿಗೂಡಿಸಿದರು. ಹಿಂದೆ ಬಾಯಿ ಬಿಡಿಸಲು ಜಾಣತನ ಬೇಕಿತ್ತು. ಈಗ ತೆರೆದ ಬಾಯಿಗೆ ಮೈಕು ಹಿಡಿದರೆ ಸಾಕು. ಇಂಥಲ್ಲಿ ವಿಡಂಬನಕಾರನಿಗೆ ಉಳಿಯುವುದು ವರದಿಗಾರನ ಕೆಲಸ.

ಹಾಗಾಗಿ ಎರಡನೆಯದು ಸಪ್ಪೆ. ಅದಕ್ಕೆ ಉಪ್ಪು ಹಾಕಿದವಳು ಬೋರಾಟನ ಮಗಳ ಪಾತ್ರದ ಬಲ್ಗೇರಿಯಾದ ನಟಿ ಮಾರಿಯಾ ಬಕಾಲೋವಾ. ಆಸ್ಕರ್ ನಾಮನಿರ್ದೇಶನ ಸುಮ್ಮನೆ ಬರಲಿಲ್ಲ. ಸಂದರ್ಶನದ ನೆಪದಲ್ಲಿ ಅವಳು ಹೋಟೆಲ್ ಕೋಣೆಗೆ ಕರೆದ ರೂಡಿ ಜೂಲಿಯಾನಿ, ಆಗ ಟ್ರಂಪ್ ಅವರ ವಕೀಲರಾಗಿದ್ದವರು, ಮಂಚದ ಮೇಲೆ ಒರಗಿ ಪ್ಯಾಂಟಿನೊಳಗೆ ಕೈ ಹಾಕಿದರು. ಅಂಗಿ ಸಿಕ್ಕಿಸಿಕೊಳ್ಳುತ್ತಿದ್ದೆ ಎಂಬುದು ಅವರ ವಿವರಣೆ. ನಾವೆಲ್ಲ ಇಷ್ಟು ವರ್ಷ ನಿಂತುಕೊಂಡೇ ಅಂಗಿ ಸಿಕ್ಕಿಸಿದೆವಲ್ಲ, ದಡ್ಡರು.

ಈ ನಡುವೆ ಹಾಸ್ಯಪ್ರಜ್ಞೆ ಬೆಳೆದದ್ದು ಒಬ್ಬರಿಗೆ ಮಾತ್ರ: ಕಜಕಿಸ್ತಾನಕ್ಕೆ. ಚಿತ್ರಕ್ಕೂ ಮೊದಲೇ, 2005ರಲ್ಲಿ, ಈ ಪಾತ್ರಕ್ಕಾಗಿ ಕೋಹೆನ್ ಮೇಲೆ ಕೇಸು ಹಾಕುತ್ತೇವೆ ಎಂದು ಗುಡುಗಿದ್ದ ದೇಶ, 2020ರಲ್ಲಿ ತನ್ನ ಪ್ರವಾಸೋದ್ಯಮದ ಜಾಹೀರಾತಿಗೆ ಬೋರಾಟನ ಮಾತನ್ನೇ ಎತ್ತಿಕೊಂಡಿತು: ‘ವೆರಿ ನೈಸ್!’